ರ‍್ಯಾಮ್ ಜಾಸ್ತಿ ಹಾಕಿದ್ರೆ ಗೇಮ್ ಸ್ಮೂತ್ ಆಗುತ್ತಾ? ನಾನು ಹಾಕಿ ನೋಡಿದ್ದು

ನನ್ನ ಪಿಸಿಲಿ ಇದ್ದಿದ್ದು 8 ಜಿಬಿ ರ‍್ಯಾಮ್, ಅಂದ್ರೆ ಓಡ್ತಿರೋ ಪ್ರೋಗ್ರಾಂಗಳ ಡೇಟಾ ಇಟ್ಕೊಳ್ಳೋ ಮೆಮೊರಿ, ಅದೂ ಒಂದೇ ಸ್ಟಿಕ್, ಡಿಡಿಆರ್4 ಅನ್ನೋ ತಲೆಮಾರಿಂದು. ಜೊತೆಗೆ ಆರು ಕೋರ್ ಪ್ರೊಸೆಸರ್, 6 ಜಿಬಿ ವಿರ‍್ಯಾಮ್ (ಕಾರ್ಡಿನ ಸ್ವಂತ ಮೆಮೊರಿ) ಇರೋ ಒಂದು ಮೀಡಿಯಂ ಗ್ರಾಫಿಕ್ಸ್ ಕಾರ್ಡು. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋ ಲೆಕ್ಕ) ಕೌಂಟರ್ 60ರ ಆಸುಪಾಸಲ್ಲೇ ಇರ್ತಿತ್ತು, ನಂಬರ್ ನೋಡಿದವರು ಯಾರೂ ಇದನ್ನ ಸ್ಲೋ ಪಿಸಿ ಅಂತಿರ್ಲಿಲ್ಲ. ಆದ್ರೆ ಓಪನ್ ವರ್ಲ್ಡ್ ಗೇಮಲ್ಲಿ ಜೋರಾಗಿ ಕಾರ್ ಓಡಿಸ್ಕೊಂಡು ಹೊಸ ಏರಿಯಾಗೆ ಹೋದ್ರೆ ಸಾಕು, ಗಕ್ಕಂತ ನಿಲ್ಲೋದು, ಮತ್ತೆ ಹೊರಡೋದು, ಮತ್ತೆ ನಿಲ್ಲೋದು. ಆಲ್ಟ್ ಟ್ಯಾಬ್ ಮಾಡಿ ಬ್ರೌಸರ್‌ಗೆ ಹೋಗಿಬಿಟ್ರಂತೂ ಮುಗೀತು, ಗೇಮ್‌ಗೆ ವಾಪಸ್ ಬರೋಷ್ಟ್ರಲ್ಲಿ ಅಲ್ಲಿ ನನ್ನನ್ನ ಯಾರೋ ಹೊಡೆದು ಹೋಗಿರ್ತಿದ್ರು.

ಎಲ್ರೂ ಹೇಳೋದು ಒಂದೇ, ರ‍್ಯಾಮ್ ಹಾಕ್ಸು ಅಂತ. ಹಾಕ್ಸೋಣ, ಆದ್ರೆ ಪ್ರಾಬ್ಲಂ ರ‍್ಯಾಮ್‌ದೇ ಅಂತ ಮೊದ್ಲು ಗೊತ್ತಾಗ್ಬೇಕಲ್ವಾ. ಗೇಮ್ ಆಡ್ತಾ ಎರಡನೇ ಮಾನಿಟರಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದಿಟ್ಟೆ. ಮೆಮೊರಿ ಹತ್ತತ್ರ ಫುಲ್. ಅದಕ್ಕಿಂತ ಮುಖ್ಯವಾದ್ದು ಕೆಳಗಡೆ ಕಮಿಟೆಡ್ ಅಂತ ಒಂದು ನಂಬರ್ ಇರುತ್ತೆ, ಅದು ನನ್ನ ಹತ್ರ ಇರೋ 8 ಜಿಬಿಯನ್ನೂ ದಾಟಿ ಹೋಗಿತ್ತು. ಅಂದ್ರೆ ಪ್ರೋಗ್ರಾಂಗಳು ಕೇಳಿರೋದು ಜಾಸ್ತಿ, ಇರೋದು ಕಮ್ಮಿ, ಮಿಕ್ಕಿದ್ದನ್ನ ವಿಂಡೋಸು ಪೇಜ್ ಫೈಲ್ ಅಂತ ಡಿಸ್ಕಿಗೆ ತಳ್ತಾ ಇದೆ. ರಿಸೋರ್ಸ್ ಮಾನಿಟರ್ ತೆಗೆದು ಹಾರ್ಡ್ ಫಾಲ್ಟ್ಸ್ (ಬೇಕಾದ ಡೇಟಾ ಮೆಮೊರೀಲಿ ಇಲ್ದೆ ಡಿಸ್ಕಿಂದ ತರಬೇಕಾದ ಸಲಗಳು) ಗ್ರಾಫ್ ನೋಡಿದೆ, ಗೇಮ್ ಗಕ್ಕಂದಾಗೆಲ್ಲ ಅಲ್ಲೂ ಒಂದು ಗೋಪುರ ಏಳ್ತಿತ್ತು. ಆಗ ಡೌಟೇ ಉಳೀಲಿಲ್ಲ.

ಇದು ಯಾಕಿಷ್ಟು ಕೆಟ್ಟದಾಗಿ ಕಾಣುತ್ತೆ ಅಂದ್ರೆ, 60 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮ್ ತಯಾರಾಗೋಕೆ ಸಿಗೋ ಟೈಮ್ ಸುಮಾರು 16.7 ಮಿಲಿಸೆಕೆಂಡ್. ರ‍್ಯಾಮಿಂದ ಡೇಟಾ ತರೋಕೆ ಬೇಕಾಗೋದು ನ್ಯಾನೋಸೆಕೆಂಡ್ ಲೆಕ್ಕ, 100ರ ಆಸುಪಾಸು ಅನ್ಕೊಳ್ಳಿ. ಅದೇ ಹಳೇ ತಿರುಗೋ ಹಾರ್ಡ್ ಡಿಸ್ಕಾದ್ರೆ ಒಂದ್ಸಲ ಹುಡುಕೋಕೇ 10 ಮಿಲಿಸೆಕೆಂಡ್ ಹತ್ತಿರ ತಗೊಳ್ಳುತ್ತೆ, ಎರಡು ಸಲ ಹುಡುಕಿದ್ರೆ ಆ ಫ್ರೇಮ್ ಕಥೆ ಮುಗೀತು. ಎಸ್‌ಎಸ್‌ಡಿ ಇದ್ರೆ ಇದಕ್ಕಿಂತ ಎಷ್ಟೋ ಪಾಲು ಬೇಗ, ಹಂಗಾಗಿ ಅದೇ 8 ಜಿಬಿಲೂ ಕೆಲವರಿಗೆ ಇಷ್ಟು ಒದ್ದಾಟ ಆಗಲ್ಲ. ನನ್ನ ಸಿ ಡ್ರೈವ್ ಹಾರ್ಡ್ ಡಿಸ್ಕಲ್ಲೇ ಇತ್ತು, ಪೇಜ್ ಫೈಲೂ ಅಲ್ಲೇ.

ಆಮೇಲೆ ಆವರೇಜ್ ಎಫ್‌ಪಿಎಸ್ ನೋಡೋದನ್ನೇ ಬಿಟ್ಟೆ. ಕ್ಯಾಪ್‌ಫ್ರೇಮ್‌ಎಕ್ಸ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ, ಅದರಲ್ಲಿ ಒಂದೇ ದಾರಿ, ಒಂದೇ ಗಾಡಿ, ಒಂದೇ ಸೆಟ್ಟಿಂಗ್ ಇಟ್ಕೊಂಡು ಫ್ರೇಮ್ ಟೈಮ್ ರೆಕಾರ್ಡ್ ಮಾಡ್ಕೊಂಡೆ. ನೋಡ್ಬೇಕಾಗಿರೋದು 1% ಲೋ ಅನ್ನೋದನ್ನ. ತುಂಬಾ ನಿಧಾನ ಬಂದ ನೂರಕ್ಕೊಂದು ಫ್ರೇಮುಗಳ ಸ್ಥಿತಿ ಹೇಗಿತ್ತು ಅಂತ ಅದು ಹೇಳುತ್ತೆ. ಆವರೇಜ್ ಇದನ್ನೆಲ್ಲ ಮುಚ್ಚಿಹಾಕುತ್ತೆ.

ಇನ್ನು ರ‍್ಯಾಮ್. ನೇರವಾಗಿ ಇನ್ನೊಂದು 8 ಜಿಬಿ ತುರುಕಿದ್ರೆ ಒಂದೇ ಏಟಿಗೆ ಎರಡು ವಿಷಯ ಬದಲಾಗುತ್ತೆ, ಸೈಜೂ ಡಬಲ್, ಚಾನೆಲ್ಲೂ (ಮೆಮೊರಿ ಮತ್ತು ಪ್ರೊಸೆಸರ್ ನಡುವಿನ ಡೇಟಾ ದಾರಿ) ಡಬಲ್. ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಅದಕ್ಕೆ ಫ್ರೆಂಡ್ ಹತ್ರ 16 ಜಿಬಿದು ಒಂಟಿ ಸ್ಟಿಕ್ ಇಸ್ಕೊಂಡು ಬಂದು ಮೊದ್ಲು ಅದನ್ನ ಹಾಕಿದೆ. ಗಕ್ಕನ್ನೋದು ಅಲ್ಲಿಗೇ ನಿಂತ್ಹೋಯ್ತು, ಫ್ರೇಮ್ ಟೈಮ್ ಗ್ರಾಫಲ್ಲಿದ್ದ ಗೋಪುರಗಳು ಮಾಯ, 1% ಲೋ ಚೆನ್ನಾಗೇ ಮೇಲೆ ಬಂತು. ಆದ್ರೆ ಆವರೇಜ್? ಅಲುಗಾಡ್ಲಿಲ್ಲ. ಅದೇ 60ರ ಆಸುಪಾಸು. ಯಾಕಂದ್ರೆ ಆ ಗೇಮಲ್ಲಿ ನನ್ನ ಕಾರ್ಡು 99% ಲೋಡಲ್ಲಿ ಏದುಸಿರು ಬಿಡ್ತಾ ಇತ್ತು, ಅದಕ್ಕೂ ರ‍್ಯಾಮಿಗೂ ಏನೂ ಸಂಬಂಧ ಇಲ್ಲ.

ಆಮೇಲೆ ಅದನ್ನ ತೆಗೆದು 8ರ ಎರಡು ಸ್ಟಿಕ್ ಹಾಕಿದೆ. ಮೊತ್ತ ಅದೇ 16, ಆದ್ರೆ ಡ್ಯುಯಲ್ ಚಾನೆಲ್. ಡಿಡಿಆರ್4 3200 ಆದ್ರೆ ಒಂದು ಚಾನೆಲ್‌ಗೆ ಸೆಕೆಂಡಿಗೆ 25.6 ಜಿಬಿ, ಎರಡಕ್ಕೆ 51.2, ಕಾಗದದ ಮೇಲಿನ ಲೆಕ್ಕ. ಕಾರ್ಡ್ ಸುಸ್ತಾಗೋ ಗೇಮಲ್ಲಿ ಇದ್ರಿಂದ ಏನೂ ವ್ಯತ್ಯಾಸ ಕಾಣ್ಲಿಲ್ಲ, ಆದ್ರೆ ಪ್ರೊಸೆಸರ್ ಮೇಲೆ ಭಾರ ಬೀಳೋ ಶೂಟರ್ ಗೇಮಲ್ಲಿ, ಅದೂ ಗ್ರಾಫಿಕ್ಸ್ ಎಲ್ಲ ಲೋಗೆ ಇಟ್ಟಾಗ, ಆವರೇಜೂ ಏರ್ತು 1% ಲೋನೂ ಏರ್ತು. ಮದರ್‌ಬೋರ್ಡಲ್ಲಿ ನಾಲ್ಕು ಸ್ಲಾಟ್ ಇದ್ರೆ ಪಕ್ಕಪಕ್ಕ ಹಾಕ್ಬೇಡಿ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದ್ರೆ ಎರಡನೇದು ಮತ್ತು ನಾಲ್ಕನೇದು, ಮ್ಯಾನ್ಯುಯಲ್ ನೋಡಿ ಖಾತ್ರಿ ಮಾಡ್ಕೊಳ್ಳಿ.

ಇನ್ನೊಂದು ವಿಷಯ, 3200 ಅಂತ ಸ್ಟಿಕ್ ಮೇಲೆ ಬರೆದಿದ್ರೂ ಟಾಸ್ಕ್ ಮ್ಯಾನೇಜರಲ್ಲಿ ಸ್ಪೀಡ್ 2400 ತೋರಿಸ್ತಿತ್ತು. ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಸ್ಕ್ರೀನಿಗೆ) ಹೋಗಿ ಎಕ್ಸ್‌ಎಂಪಿ (ಸ್ಟಿಕ್ ಮೇಲೆ ಬರೆದ ಸ್ಪೀಡಿಗೆ ಏರಿಸೋ ಸೆಟ್ಟಿಂಗ್) ಆನ್ ಮಾಡೋವರೆಗೂ ಇಂಥ ಸ್ಟಿಕ್ಕುಗಳು ಬರೀ ಸ್ಟ್ಯಾಂಡರ್ಡ್ ಸ್ಪೀಡಲ್ಲೇ ಓಡ್ತವೆ. ಎಎಂಡಿಯ ಡಿಡಿಆರ್5 ಬೋರ್ಡಾದ್ರೆ ಅದನ್ನೇ ಎಕ್ಸ್‌ಪೋ ಅಂತಾರೆ. ಕಾಸಿಲ್ದೆ ಸಿಗೋ ಸ್ಪೀಡು, ಹೊಸದು ಕೊಳ್ಳೋಕೆ ಮುಂಚೆ ಇದನ್ನ ಒಂದ್ಸಲ ನೋಡ್ಕೊಳ್ಳಿ. ಆನ್ ಮಾಡಿದ ಮೇಲೆ ರಾತ್ರಿ ಮೆಮ್‌ಟೆಸ್ಟ್86 ಅನ್ನೋ ಮೆಮೊರಿ ಟೆಸ್ಟ್ ಓಡಿಸಿ ಮಲಗಿ. ಬೇರೆ ಬೇರೆ ಕಂಪನಿ, ಬೇರೆ ಬೇರೆ ಸ್ಪೀಡ್ ಸ್ಟಿಕ್ ಜೋಡಿ ಮಾಡಿದ್ರೆ ಎರಡೂ ನಿಧಾನದ್ದರ ಸ್ಪೀಡಿಗೆ ಇಳೀತವೆ, ಕೆಲವು ಸಲ ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅನ್ನೋ ಥರ ಆಗಿ ಬ್ಲೂ ಸ್ಕ್ರೀನೇ ಬರುತ್ತೆ.

ಡ್ಯುಯಲ್ ಚಾನೆಲ್ ನಿಜವಾದ ಮಜಾ ನಾನು ನೋಡಿದ್ದು ತಮ್ಮನ ಲ್ಯಾಪ್‌ಟಾಪಲ್ಲಿ. ಅದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡೇ ಇಲ್ಲ, ಪ್ರೊಸೆಸರ್ ಒಳಗಿರೋ ಗ್ರಾಫಿಕ್ಸೇ. ಇಂಥದ್ದಕ್ಕೆ ಸ್ವಂತ ವಿರ‍್ಯಾಮ್ ಇರಲ್ಲ, ಸಿಸ್ಟಂ ರ‍್ಯಾಮನ್ನೇ ಹಂಚ್ಕೊಂಡು ಬದುಕುತ್ತೆ, ಹಂಗಾಗಿ ರ‍್ಯಾಮ್ ಬ್ಯಾಂಡ್‌ವಿಡ್ತ್ ಎಷ್ಟೋ ಎಫ್‌ಪಿಎಸ್ಸೂ ಹೆಚ್ಚುಕಮ್ಮಿ ಅಷ್ಟೇ. ಖಾಲಿ ಇದ್ದ ಸ್ಲಾಟಿಗೆ ಇನ್ನೊಂದು ಸ್ಟಿಕ್ ಹಾಕಿದ ತಕ್ಷಣ ಆಡೋಕಾಗದೇ ಇದ್ದ ಗೇಮ್ ಆಡೋ ಮಟ್ಟಕ್ಕೆ ಬಂತು. ರ‍್ಯಾಮ್ ಹಾಕಿದ್ರೆ ಎಫ್‌ಪಿಎಸ್ ಏರುತ್ತೆ ಅಂತ ಕಣ್ಮುಚ್ಕೊಂಡು ಹೇಳ್ಬಹುದಾದ ಜಾಗ ಅಂದ್ರೆ ಇದೊಂದೇ ಅನ್ಸುತ್ತೆ ನನಗೆ.

ಆಮೇಲೆ ನಾನು 32ಕ್ಕೂ ಹೋದೆ, 16ರ ಎರಡು ಸ್ಟಿಕ್ ಇರೋ ಕಿಟ್. ನಾನಾಡೋ ಗೇಮುಗಳಲ್ಲಿ ಮುಕ್ಕಾಲು ಪಾಲಿಗೆ ಏನೂ ಫರಕಾಗ್ಲಿಲ್ಲ. ತಮಾಷೆ ಏನಂದ್ರೆ ಅದೇ ಗೇಮು, ಅದೇ ಸೆಟ್ಟಿಂಗು, ಆದ್ರೆ ಟಾಸ್ಕ್ ಮ್ಯಾನೇಜರಲ್ಲಿ ಮೆಮೊರಿ ಬಳಕೆ ಮುಂಚೆಗಿಂತ ಜಾಸ್ತಿ ತೋರಿಸೋಕೆ ಶುರುವಾಯ್ತು. ಜಾಗ ಜಾಸ್ತಿ ಇದ್ರೆ ವಿಂಡೋಸೂ ಗೇಮೂ ಧಾರಾಳವಾಗಿ ತುಂಬ್ಕೊಂಡು ಕೂತ್ಕೊಳ್ತವೆ, ಬಳಸ್ತಾ ಇದೆ ಅಂದ ಮಾತ್ರಕ್ಕೆ ಅಷ್ಟು ಬೇಕೇಬೇಕು ಅಂತ ಅಲ್ಲ. ಉಪಯೋಗ ಆಗಿದ್ದು ಮಾಡ್ (ಆಟಗಾರರು ಮಾಡಿ ಸೇರಿಸೋ ಎಕ್ಸ್ಟ್ರಾ) ತುಂಬಿಸಿದ ಸಿಟಿ ಬಿಲ್ಡರ್ ಗೇಮಲ್ಲಿ, ಮತ್ತೆ ಗೇಮ್ ಜೊತೆ ಬ್ರೌಸರ್, ಡಿಸ್ಕಾರ್ಡ್, ರೆಕಾರ್ಡಿಂಗ್ ಎಲ್ಲ ಒಟ್ಟಿಗೆ ಓಡಿಸೋವಾಗ. ಕಂಪನಿಗಳು ಕೇಳೋದೂ ಏರ್ತಾನೇ ಇದೆ ಅನ್ನಿ, ಸೈಬರ್‌ಪಂಕ್ 2077ಗೆ 2023ರಲ್ಲಿ ಮಿನಿಮಮ್ಮೇ 12 ಜಿಬಿ ಮಾಡಿದ್ರು, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024ಕ್ಕೆ ಮಿನಿಮಮ್ 16, ರೆಕಮೆಂಡೆಡ್ 32.

ಎಷ್ಟು ರ‍್ಯಾಮ್ ಹಾಕಿದ್ರೂ ಹೋಗದೇ ಉಳಿದ ತೊಂದರೆಗಳೂ ಇದ್ವು. ಟೆಕ್ಸ್ಚರ್ (ಗೇಮಲ್ಲಿನ ವಸ್ತುಗಳ ಮೇಲ್ಮೈ ಚಿತ್ರ) ಅಲ್ಟ್ರಾಗೆ ಇಟ್ರೆ ನನ್ನ 6 ಜಿಬಿ ವಿರ‍್ಯಾಮ್ ತುಂಬಿ ಹೋಗುತ್ತೆ, ಮಿಕ್ಕಿದ್ದು ಸಿಸ್ಟಂ ರ‍್ಯಾಮಿಗೆ ಬಂದು ಬಿದ್ದು ಕಾರ್ಡ್ ಕೂರಿಸಿರೋ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ದಾರೀಲಿ ಓಡಾಡೋಕೆ ಶುರು ಮಾಡುತ್ತೆ, ಆ ದಾರಿ ಕಾರ್ಡಿನ ಸ್ವಂತ ಮೆಮೊರಿಗೆ ಹೋಲಿಸಿದ್ರೆ ತೀರಾ ಕಿರಿದು. ಗಕ್ಕನ್ನೋದು ಥೇಟ್ ಮುಂಚಿನ ಥರಾನೇ ಕಾಣುತ್ತೆ, ಆದ್ರೆ ಕಾಯಿಲೆ ಬೇರೆ. ಟಾಸ್ಕ್ ಮ್ಯಾನೇಜರಲ್ಲಿ ಜಿಪಿಯು ಮೇಲೆ ಒತ್ತಿ, ಡೆಡಿಕೇಟೆಡ್ ಮೆಮೊರಿ ಫುಲ್ ಆಗಿ ಶೇರ್ಡ್ ಏರ್ತಾ ಇದ್ರೆ ಟೆಕ್ಸ್ಚರ್ ಒಂದು ಹಂತ ಇಳಿಸಿ. ಇನ್ನು ಹೊಸ ಜಾಗಕ್ಕೆ ಮೊದಲನೇ ಸಲ ಹೋದಾಗ ಮಾತ್ರ ಗಕ್ಕಂದು ಎರಡನೇ ಸಲ ಆರಾಮಾಗಿ ಹೋದ್ರೆ ಅದು ಹೆಚ್ಚಾಗಿ ಶೇಡರ್ (ಗ್ರಾಫಿಕ್ಸ್ ಕಾರ್ಡಲ್ಲಿ ಚಿತ್ರ ಬಿಡಿಸೋ ಸಣ್ಣ ಪ್ರೋಗ್ರಾಂ) ಕಂಪೈಲ್ ಆಗೋ ಗಲಾಟೆ, ಅದಕ್ಕೂ ರ‍್ಯಾಮ್ ಮದ್ದಲ್ಲ.

ಮೈನ್‌ಕ್ರಾಫ್ಟ್ ಜಾವಾ ಆಡೋರಿಗೆ ಒಂದು ಮಾತು. ಲಾಂಚರ್ ತಾನಾಗೇ ಒಂದು ಮಿತಿ ಇಟ್ಟಿರುತ್ತೆ, ತುಂಬಾ ಕಾಲ ಅದು ಬರೀ 2 ಜಿಬಿ ಇತ್ತು, ಪಿಸಿಲಿ 32 ಇದ್ರೂ ಗೇಮ್‌ಗೆ ಸಿಗೋದು ಅಷ್ಟೇ. ಸೆಟ್ಟಿಂಗಲ್ಲಿ ಎಕ್ಸ್‌ಎಂಎಕ್ಸ್ ಅಂತಿರೋ ಕಡೆ ಮಾಡ್‌ಪ್ಯಾಕಿಗೆ ತಕ್ಕಂಗೆ 6 ಅಥವಾ 8 ಮಾಡ್ಕೊಂಡ್ರೆ ಸಾಕು, ಸಿಕ್ಕಾಪಟ್ಟೆ ಕೊಟ್ರೆ ಜಾವಾ ಬೇಡದ ಡೇಟಾದ ಕಸ ಗುಡಿಸೋಕೆ ಕೂತಾಗ ಒಂದೊಂದ್ಸಲ ಇನ್ನೂ ಉದ್ದಕ್ಕೆ ನಿಂತ್ಬಿಡುತ್ತೆ.

ಹಳೇ 8ರ ಸ್ಟಿಕ್ಕುಗಳನ್ನೂ ಉಳಿದ ಎರಡು ಸ್ಲಾಟಿಗೆ ಹಾಕಿ 48 ಮಾಡ್ಕೋ ಅಂತ ಫ್ರೆಂಡ್ ಹೇಳ್ದ. ನಾಲ್ಕೂ ಸ್ಲಾಟ್ ತುಂಬಿದ್ರೆ ಮೆಮೊರಿ ಕಂಟ್ರೋಲರ್ ಮೇಲೆ ಭಾರ ಜಾಸ್ತಿ, ಫುಲ್ ಸ್ಪೀಡಲ್ಲಿ ನಿಲ್ಲೋದು ಕಷ್ಟ, ಡಿಡಿಆರ್5ಲಂತೂ ನಾಲ್ಕು ಸ್ಟಿಕ್ ಹಾಕಿದ್ರೆ ಸ್ಪೀಡ್ ಚೆನ್ನಾಗೇ ಇಳಿಸ್ಬೇಕಾಗುತ್ತೆ. ನನಗೆ ಆ 48 ಬೇಕಾಗಿರ್ಲಿಲ್ಲ, ಹಾಗಾಗಿ ಹಳೇವನ್ನ ಇನ್ನೊಂದು ಪಿಸಿಗೆ ಹಾಕಿ ನನ್ನದ್ರಲ್ಲಿ ಎರಡು ಸ್ಲಾಟ್ ಖಾಲಿ ಬಿಟ್ಟಿದ್ದೀನಿ.