ಹಲ್ಲಿ ಮನೆಯೊಳಗೆ ನೆಲೆಯೂರದಂತೆ ಮಾಡಿದ ಬಗೆ

ಹಲ್ಲಿ ಓಡಿಸುವ ಕೆಲಸವನ್ನು ನಾನು ಶುರು ಮಾಡುವುದು ಹಿಕ್ಕೆಯಿಂದ. ಸಂಜೆ ಇಡೀ ಮನೆ ಗುಡಿಸಿ ಒರೆಸಿಬಿಡುತ್ತೇನೆ. ಮಾರನೆಯ ಬೆಳಿಗ್ಗೆ ಹೊಸ ಹಿಕ್ಕೆ ಎಲ್ಲೆಲ್ಲಿ ಬಿದ್ದಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಸಣ್ಣ ಗುರುತು. ಮೂರು ದಿನ ಹೀಗೆ ಮಾಡಿದರೆ ಅಡ್ಡೆಗಳು ತಾವಾಗಿಯೇ ಗೊತ್ತಾಗುತ್ತವೆ. ಕಪ್ಪು ಕಾಳಿನ ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಹಲ್ಲಿಯದು. ಆ ಬಿಳಿ ಭಾಗ ಗಟ್ಟಿಯಾದ ಮೂತ್ರ, ಅಂದರೆ ಯೂರಿಕ್ ಆಮ್ಲ. ಬಿಳಿ ತುದಿ ಇಲ್ಲದಿದ್ದರೆ ಇಲಿಯದ್ದೆಂದು ಅನುಮಾನಿಸಬೇಕು, ಅದರ ಮದ್ದೇ ಬೇರೆ. ಗುರುತಿನಿಂದ ನೇರ ಮೇಲಕ್ಕೆ ಕಣ್ಣು ಹಾಯಿಸಿದರೆ ಟ್ಯೂಬ್‌ಲೈಟ್ ಪಟ್ಟಿ, ಗೋಡೆ ಗಡಿಯಾರ, ದೇವರ ಪಟ, ಪರದೆ ಕಂಬಿಯ ಬ್ರಾಕೆಟ್, ಇವುಗಳಲ್ಲಿ ಒಂದು ಇದ್ದೇ ಇರುತ್ತದೆ.

ಆಮೇಲಿನ ಕೆಲಸಕ್ಕೆ ಒಂದು ಕ್ರಮ ಇದೆ: ಮೊದಲು ಬೆಳಕು, ಆಮೇಲೆ ಒಳಗಿರುವುದನ್ನು ಹಿಡಿದು ಹೊರಗೆ ಬಿಡುವುದು, ಆಮೇಲೆ ಮೊಟ್ಟೆ, ಕೊನೆಗೆ ಸಂದು ಮುಚ್ಚುವುದು. ಬಹಳ ಜನ ಕೊನೆಯದನ್ನು ಮೊದಲು ಮಾಡಿಬಿಡುತ್ತಾರೆ. ಹೊಸದಾಗಿ ಮೆಶ್ ಹಾಕಿಸಿ, ಒಳಗಿದ್ದ ನಾಲ್ಕು ಹಲ್ಲಿಗಳನ್ನು ಒಳಗೇ ಕೂಡಿಹಾಕಿಕೊಂಡು, ಮೆಶ್ ಹಾಕಿದವನನ್ನು ಬೈಯುತ್ತಾರೆ. ಇನ್ನೊಂದು ಲೆಕ್ಕವೂ ತಪ್ಪುತ್ತದೆ. ಮನೆ ಹಲ್ಲಿ ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ, ಅವು ಒಡೆಯಲು ಸುಮಾರು ಒಂದೂವರೆಯಿಂದ ಎರಡು ತಿಂಗಳು ಬೇಕು. ಎಲ್ಲ ಮುಚ್ಚಿದ ಮೇಲೂ ಎರಡು ತಿಂಗಳ ತನಕ ಬೆಂಕಿಕಡ್ಡಿಯಷ್ಟುದ್ದದ ಮರಿ ಕಾಣಿಸಿದರೆ ಅದು ಹೊರಗಿನಿಂದ ಬಂದದ್ದಲ್ಲ, ಒಳಗೇ ಹುಟ್ಟಿದ್ದು. ಅದನ್ನು ಹಿಡಿದು ಬಿಟ್ಟರೆ ಸಾಕು. ಎರಡು ತಿಂಗಳು ದಾಟಿದ ಮೇಲೆ ದೊಡ್ಡ ಹಲ್ಲಿ ಕಂಡರೆ ಮಾತ್ರ ಎಲ್ಲೋ ಸಂದು ಉಳಿದಿದೆ ಎಂದು ತಿಳಿಯಬೇಕು.

ಬೆಳಕಿನ ವಿಷಯ. ಹಲ್ಲಿ ಬರುವುದು ಹುಳಕ್ಕೆ, ಹುಳ ಬರುವುದು ಬೆಳಕಿಗೆ. ಬಾಗಿಲ ನೆತ್ತಿಯ ಮೇಲೆ ಬೆಳ್ಳಗೆ ಉರಿಯುವ ಎಲ್‌ಇಡಿ ಬಲ್ಬು ಇದ್ದರೆ ಅದೇ ಊಟದ ತಟ್ಟೆ. ಬಲ್ಬಿನ ಡಬ್ಬಿಯ ಮೇಲೆ 6500 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಎಂದಿದ್ದರೆ ಅದು ನೀಲಿ ಮಿಶ್ರಿತ ಬಿಳಿ, ಹುಳ ಹೆಚ್ಚು ಸೇರುತ್ತವೆ. 2700 ಅಥವಾ 3000 ಕೆ ಎಂದಿರುವ ಹಳದಿ ಬೆಳಕಿಗೆ ಕಡಿಮೆ. ಹೊರಗಿನ ದೀಪಗಳನ್ನೆಲ್ಲ ನಾನು 3000 ಕೆ, 5 ವ್ಯಾಟಿಗೆ ಇಳಿಸಿದೆ. ಬಾಗಿಲ ಮೇಲಿನ ದೀಪವನ್ನು ತೆಗೆದು ಎರಡು ಮೂರು ಮೀಟರ್ ದೂರದ ಗೇಟಿನ ಕಂಬಕ್ಕೆ ಹಾಕಿ, ಬೆಳಕು ಬಾಗಿಲ ಕಡೆ ಬೀಳುವಂತೆ ತಿರುಗಿಸಿದರೆ ಹಲ್ಲಿಯೂ ಕಂಬದ ಹತ್ತಿರವೇ ಸೇರುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಏಳುತ್ತವಲ್ಲ, ಆ ಒಂದೆರಡು ಗಂಟೆ ಹೊರಗಿನ ದೀಪ ಪೂರ್ತಿ ಆರಿಸಿಬಿಡುವುದು ಒಳ್ಳೆಯದು. ಒಳಗೆ, ರಾತ್ರಿ ಮಲಗುವ ಮುಂಚೆ ಸಿಂಕ್ ಒಣಬಟ್ಟೆಯಲ್ಲಿ ಒರೆಸಿ, ಕುಂಡದ ತಟ್ಟೆಯ ನೀರು ಚೆಲ್ಲಿ, ಮಾಗಿದ ಬಾಳೆಹಣ್ಣು, ಬೆಲ್ಲದ ಡಬ್ಬ ಮುಚ್ಚಿಡಬೇಕು. ಹಲ್ಲಿ ಹುಳವನ್ನಷ್ಟೇ ತಿನ್ನುತ್ತದೆ ಎಂಬುದು ಪೂರ್ತಿ ನಿಜವಲ್ಲ, ಸಿಹಿಯನ್ನೂ ನೆಕ್ಕುತ್ತದೆ.

ಹಿಡಿಯಲು ಬೇಕಾದದ್ದು ಎರಡೇ ಸಾಮಾನು. ಒಂದು ಲೀಟರಿನ, ಅಗಲ ಬಾಯಿಯ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬ. ಬಾಯಿ ಕನಿಷ್ಠ 12 ಸೆಂ.ಮೀ. ಇರಲಿ, ಏಕೆಂದರೆ ಬೆಳೆದ ಹಲ್ಲಿ ಬಾಲ ಸೇರಿ ಹೆಚ್ಚುಕಡಿಮೆ ಅಷ್ಟೇ ಉದ್ದ. ಇನ್ನೊಂದು ದಪ್ಪ ರಟ್ಟು. ಹಳೆಯ ಮದುವೆ ಆಮಂತ್ರಣ ಪತ್ರಿಕೆಗಿಂತ ಒಳ್ಳೆಯ ರಟ್ಟು ನನಗೆ ಸಿಕ್ಕಿಲ್ಲ: ನುಣುಪು, ಗಟ್ಟಿ, ಗೋಡೆಗೂ ಡಬ್ಬಕ್ಕೂ ನಡುವೆ ಸಲೀಸಾಗಿ ಜಾರುತ್ತದೆ.

ಸೂರಿನಲ್ಲಿರುವ ಹಲ್ಲಿಯನ್ನು ಏಣಿ ಹತ್ತಿ ಹಿಡಿಯಲು ಹೋಗಬೇಡಿ, ಅದನ್ನೇ ಕೆಳಗೆ ಬರಿಸಬೇಕು. ರಾತ್ರಿ ಎಂಟರ ಹೊತ್ತಿಗೆ ಕೋಣೆಯ ಬಾಗಿಲು ಹಾಕಿ, ಅಡಿಯ ಸಂದಿಗೆ ಟವೆಲ್ ಒತ್ತಿ, ದೀಪಗಳನ್ನೆಲ್ಲ ಆರಿಸಿ, ಒಂದು ಟೇಬಲ್ ಲ್ಯಾಂಪನ್ನು ಬರಿಯ ಗೋಡೆಗೆ ಎದೆಮಟ್ಟದಲ್ಲಿ ಬೆಳಕು ಬೀಳುವಂತೆ ಇಡಿ. ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಹುಳ ಅಲ್ಲಿ ಸೇರುತ್ತವೆ, ಹಲ್ಲಿ ತಾನೇ ಇಳಿಯುತ್ತದೆ. ಡಬ್ಬವನ್ನು ಪಕ್ಕದಿಂದ ತಳ್ಳಿಕೊಂಡು ಹೋಗಬಾರದು. ಗೋಡೆಗೆ ನೇರ ಎದುರಾಗಿ ಹಿಡಿದು, ಒಂದು ಗೇಣು ದೂರದ ತನಕ ನಿಧಾನವಾಗಿ ತಂದು, ಕೊನೆಯ ಗೇಣನ್ನು ಒಮ್ಮೆಗೇ ಮುಗಿಸಬೇಕು. ಬಾಲ ಅಂಚಿನಲ್ಲಿ ಸಿಕ್ಕಿಕೊಂಡರೆ ಒತ್ತಬೇಡಿ. ಒಂದು ಕೂದಲೆಳೆ ಸಡಿಲಿಸಿದರೆ ಒಳಗೆ ಎಳೆದುಕೊಳ್ಳುತ್ತದೆ. ಒತ್ತಿದರೆ ಬಾಲ ಕಳಚಿ ನೆಲದ ಮೇಲೆ ಕುಣಿಯುತ್ತದೆ, ನೀವು ಅದನ್ನು ನೋಡುತ್ತ ನಿಂತಿರುವಾಗ ಹಲ್ಲಿ ಪಾರು. ಪೊರಕೆಯಿಂದ ಹೊಡೆದಾಗಲೂ ಆಗುವುದು ಇದೇ. ರಟ್ಟು ಜಾರಿಸಿ, ಎರಡನ್ನೂ ಸೇರಿಸಿ ಹಿಡಿದು ಹೊರಗೆ ತನ್ನಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಹಲ್ಲಿಯ ಮೈ ತಣ್ಣಗಿದ್ದು ಓಟ ನಿಧಾನ. ಪಟದ ಹಿಂದಿನವನ್ನು ಹಿಡಿಯಲು ಅದು ಒಳ್ಳೆಯ ಹೊತ್ತು. ಬಿಡುವಾಗ ನಮ್ಮ ಮನೆಯ ಗೋಡೆಗೇ ಬಿಟ್ಟರೆ ಮತ್ತೆ ಒಳಗೆ ಬರುತ್ತದೆ. ರಸ್ತೆಯಾಚೆ, ಒರಟು ತೊಗಟೆಯ ಮರ ಅಥವಾ ಕಲ್ಲಿನ ಗೋಡೆಗೆ ಬಿಡುವುದು. ಮಧ್ಯಾಹ್ನದ ಬಿಸಿಲಲ್ಲಿ ಬೇಡ.

ಮೊಟ್ಟೆಗಳು ಸುಣ್ಣದಂತೆ ಬೆಳ್ಳಗೆ, ಗಟ್ಟಿ ಚಿಪ್ಪಿನವು, ಒಂದು ಸೆಂ.ಮೀ.ಗೆ ತುಸು ಕಡಿಮೆ. ಪಟಗಳ ಹಿಂಬದಿ, ಪುಸ್ತಕದ ಸಾಲಿನ ಹಿಂದೆ, ಅಟ್ಟದ ಪೆಟ್ಟಿಗೆಗಳ ಮೂಲೆ, ಸ್ವಿಚ್‌ಬೋರ್ಡಿನ ಒಳಗೆ ಸಿಗುತ್ತವೆ. ಒಂದೇ ಸಂದಿನಲ್ಲಿ ಹಲವು ಹಲ್ಲಿಗಳು ಇಡುವುದೂ ಉಂಟು, ಆದ್ದರಿಂದ ಎರಡು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬೇಡಿ. ಒಡೆಯಲು ಮನಸ್ಸಿಲ್ಲದವರು ಚಮಚದಲ್ಲಿ ಎತ್ತಿ, ಮೇಲಿದ್ದ ಮೈ ಮೇಲೇ ಇರುವಂತೆ, ಉರುಳಿಸದೆ ಹೊರಗಿನ ನೆರಳಿನ ಕಲ್ಲುಸಂದಿಗೆ ಇಡಬಹುದು. ಉರುಳಿಸಿದರೆ ಒಳಗಿನ ಮರಿ ಸಾಯುವ ಸಾಧ್ಯತೆ ಹೆಚ್ಚು. ಪಟಗಳ ಕೆಳಗಿನ ಎರಡು ಮೂಲೆಗೆ ಡಬಲ್ ಸೈಡ್ ಟೇಪ್ ಹಾಕಿ ಗೋಡೆಗೆ ಒತ್ತಿಬಿಟ್ಟರೆ ಆ ಜಾಗ ಮತ್ತೆ ಸಂದಾಗುವುದಿಲ್ಲ.

ಇನ್ನು ಸಂದುಗಳು, ಹೆಚ್ಚು ಹೊತ್ತು ಹಿಡಿಯುವುದು ಇದೇ. ಅಳತೆಗೆ ಒಂದು ಪೆನ್ಸಿಲ್ ಸಾಕು: ಪೆನ್ಸಿಲ್ ತೂರುವ ಕಡೆ ಹಲ್ಲಿ ತೂರುತ್ತದೆ, ಮರಿಗೆ ಅದಕ್ಕಿಂತ ಕಡಿಮೆಯೂ ನಡೆಯುತ್ತದೆ. ರಾತ್ರಿ ಒಳಗಿನ ದೀಪ ಹಾಕಿ, ಹೊರಗೆ ನಿಂತು ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತದೆ ಎಂದು ನೋಡಿ ಬರೆದುಕೊಳ್ಳಿ.

ಎಲ್ಲಕ್ಕಿಂತ ಮೋಸ ಮಾಡುವುದು ಸ್ಲೈಡಿಂಗ್ ಕಿಟಕಿ. ಮೂರು ಟ್ರ್ಯಾಕಿನದಾದರೆ ಎರಡು ಗಾಜು, ಒಂದು ಮೆಶ್. ಗಾಳಿಗೆಂದು ಗಾಜನ್ನು ಅರ್ಧ ಮಾತ್ರ ಸರಿಸಿದರೆ ಗಾಜಿನ ಅಂಚಿಗೂ ಮೆಶ್ಶಿನ ಅಂಚಿಗೂ ನಡುವೆ, ಮೇಲಿನಿಂದ ಕೆಳಗಿನವರೆಗೆ, ಬೆರಳಗಲದ ದಾರಿ ತೆರೆದುಕೊಳ್ಳುತ್ತದೆ. ಗಾಜನ್ನು ಪೂರ್ತಿ ಸರಿಸಿ, ಮೆಶ್ಶಿನ ನಡುಕಂಬಿ ಗಾಜಿನ ನಡುಕಂಬಿಯ ಮೇಲೆ ಕೂರುವಂತೆ ನಿಲ್ಲಿಸಿದರಷ್ಟೇ ಅದು ಮುಚ್ಚುವುದು. ಆ ನಡುಕಂಬಿಯಲ್ಲಿ ಉಣ್ಣೆಯಂಥ ರೋಮದ ಪಟ್ಟಿ ಇರುತ್ತದೆ. ಕೆಲವು ವರ್ಷಗಳಲ್ಲಿ ಅದು ಸವೆದು ಬೋಳಾಗುತ್ತದೆ. ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹಳೆಯದರ ಒಂದು ತುಂಡು ಕತ್ತರಿಸಿಕೊಂಡು ಹೋಗಿ, ಅಡಿಪಟ್ಟಿಯ ಅಗಲವನ್ನೂ ರೋಮದ ಎತ್ತರವನ್ನೂ ಹೋಲಿಸಿ ತನ್ನಿ. ರೋಮ ಎತ್ತರವಾದರೆ ಕಿಟಕಿ ಸರಿಯುವುದಿಲ್ಲ, ಗಿಡ್ಡವಾದರೆ ಹಾಕಿಯೂ ಹಾಕದಂತೆ. ಕೆಳಗಿನ ಟ್ರ್ಯಾಕಿನಲ್ಲಿ ಮಳೆನೀರು ಹೋಗಲು ತೂತುಗಳಿರುತ್ತವೆ. ಅವನ್ನು ಸಿಲಿಕಾನಿನಿಂದ ಮುಚ್ಚಿದರೆ ಮೊದಲ ಜೋರು ಮಳೆಗೆ ನೀರು ಒಳಗೆ ಬರುತ್ತದೆ. ಸ್ಟೀಲ್ ಮೆಶ್ಶಿನ ತುಂಡನ್ನು ಒಳಗಿನಿಂದ ಅಂಟಿಸಬೇಕು: ನೀರು ಹೋಗುತ್ತದೆ, ಹಲ್ಲಿ ಬರುವುದಿಲ್ಲ. ವೆಲ್ಕ್ರೋ ಅಂಟಿಸುವ ಮೆಶ್ ಅಗ್ಗ, ಆದರೆ ಬಿಸಿಲಿಗೆ, ಧೂಳಿಗೆ ಮೂಲೆಯ ಅಂಟು ಬಿಡುತ್ತದೆ, ಹಲ್ಲಿಗೆ ಆ ಮೂಲೆಯೇ ಬೇಕಾದದ್ದು.

ಬಾಗಿಲ ಅಡಿಗೆ ಬ್ರಷ್ ಪಟ್ಟಿಗಿಂತ ರಬ್ಬರ್ ಪಟ್ಟಿ ವಾಸಿ. ನೆಲಕ್ಕೆ ತಾಗಿಯೂ ತಾಗದಂತೆ, 2 ಮಿ.ಮೀ. ಎತ್ತರದಲ್ಲಿ ಸ್ಕ್ರೂ ಹಾಕಿ. ಗೋಡೆ ಮತ್ತು ಚೌಕಟ್ಟಿನ ನಡುವಿನ ಬಿರುಕು 10 ಮಿ.ಮೀ. ಒಳಗಿದ್ದರೆ ಸಿಲಿಕಾನ್; ಹಳೆಯ ಸುಣ್ಣ, ಧೂಳು ಕೆರೆದು, ಪೂರ್ತಿ ಒಣಗಿಸಿ ಹಾಕದಿದ್ದರೆ ಪಟ್ಟಿಯಂತೆ ಕಿತ್ತು ಬರುತ್ತದೆ. ಒಂದು ದಿನ ಮುಟ್ಟಬಾರದು. ಅದಕ್ಕಿಂತ ಅಗಲವಿದ್ದರೆ ಮೊದಲು ಫೋಮ್ ಹಗ್ಗ ತುರುಕಿ ಮೇಲೆ ಸಿಲಿಕಾನ್. ಉಬ್ಬುವ ಪಿಯು ಫೋಮ್ ಬೇಗ ಆಗುತ್ತದೆ, ಆದರೆ ಬಿಸಿಲು ಬೀಳುವ ಕಡೆ ಹಳದಿಯಾಗಿ ಪುಡಿಯಾಗುತ್ತದೆ. ಪೈಪು ಗೋಡೆ ದಾಟುವ ಕಡೆ ಎಂ-ಸೀಲ್ ಸಾಕು. ಎರಡು ಉಂಡೆಯನ್ನೂ ಬಣ್ಣದ ಗೆರೆ ಕಾಣದಷ್ಟು ನಾದಿ. ಎಕ್ಸಾಸ್ಟ್ ಫ್ಯಾನಿಗೂ ಚಿಮಣಿ ಪೈಪಿಗೂ ಹೊರಗಡೆ ತಾನೇ ಮುಚ್ಚಿಕೊಳ್ಳುವ ರೆಕ್ಕೆಯ ಮುಚ್ಚಳ ಬೇಕು. ಚಿಮಣಿ ಪೈಪಿಗೆ ಸಣ್ಣ ಕಣ್ಣಿನ ಮೆಶ್ ಹಾಕಬೇಡಿ, ಜಿಡ್ಡು ಕಟ್ಟಿ ಹೊಗೆ ವಾಪಸು ಬರುತ್ತದೆ.

ಎ.ಸಿ. ಇರುವವರಿಗೆ ಹಲ್ಲಿಯ ಲೆಕ್ಕ ದುಬಾರಿ. ಹೊರಗಿನ ಯೂನಿಟ್ಟಿನ ಬಿಸಿ ಸರ್ಕ್ಯೂಟ್ ಬೋರ್ಡಿಗೆ ಹಲ್ಲಿ ಹತ್ತಿ, ಎರಡು ತುದಿಗೆ ಮೈ ತಾಗಿದರೆ ಅದೂ ಸಾಯುತ್ತದೆ, ಬೋರ್ಡೂ ಸುಡುತ್ತದೆ. ಸರ್ವಿಸಿಗೆ ಬಂದವರಿಂದ ವೈರ್ ಒಳಹೋಗುವ ತೂತಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿಸಿ. ಗಾಳಿಯ ದಾರಿಗೆ ಏನೂ ಅಡ್ಡ ಕಟ್ಟಬೇಡಿ. ಪೈಪು ಗೋಡೆಯೊಳಗೆ ಬರುವ ದೊಡ್ಡ ತೂತಿಗೆ ಎ.ಸಿ. ಪುಟ್ಟಿ. ಎಂಸಿಬಿ (ಕರೆಂಟು ಹೆಚ್ಚಾದರೆ ತಾನೇ ಆರುವ ಸ್ವಿಚ್) ಪೆಟ್ಟಿಗೆಯ ಖಾಲಿ ತೂತುಗಳಿಗೂ ಪ್ಲಾಸ್ಟಿಕ್ ಬಿರಡೆ ಹಾಕಿಸಬೇಕು, ಮೇನ್ ಆರಿಸಿ, ಎಲೆಕ್ಟ್ರಿಶಿಯನ್ ಕೈಯಲ್ಲಿ. ಇಲ್ಲಿ ಸ್ಟೀಲ್ ವೂಲ್ ತುರುಕುವುದು ಶಾರ್ಟ್‌ಗೆ ಆಹ್ವಾನ.

ಮನೆಮದ್ದುಗಳ ಬಗ್ಗೆ ಎರಡು ಮಾತು. ಮೊಟ್ಟೆ ಚಿಪ್ಪು ನೇತುಹಾಕಿದರೆ ಹಲ್ಲಿ ಹೆದರುತ್ತದಂತೆ. ಹಲ್ಲಿಯ ಸಂದು ತೆರೆದರೆ ಅದರದೇ ಹಳೆಯ ಚಿಪ್ಪುಗಳ ರಾಶಿ ಇರುತ್ತದೆ. ನವಿಲುಗರಿಯ ಮೇಲೆ ಹಲ್ಲಿ ಕೂತದ್ದನ್ನು ಕಂಡಿದ್ದೇನೆ. ಮೆಣಸಿನ ನೀರು ಮೈಗೆ ಬಿದ್ದ ಗಳಿಗೆಗೆ ಓಡಿಸುತ್ತದೆ, ಆದರೆ ಕೆಮ್ಮುವವರು ಮನೆಯವರು, ಗೋಡೆಗೆ ಕಲೆ ಬೇರೆ. ಹೊಗೆಸೊಪ್ಪು, ಕಾಫಿಪುಡಿ ಉಂಡೆ ಮಗುವಿನ ಅಥವಾ ನಾಯಿಯ ಬಾಯಿಗೆ ಹೋದರೆ ಆಸ್ಪತ್ರೆ. ನುಸಿಗುಳಿಗೆಯನ್ನು ತೆರೆದ ಕೋಣೆಯಲ್ಲಿ ಇಟ್ಟು ಪ್ರಯೋಜನವಿಲ್ಲ. ನ್ಯಾಫ್ತಲೀನ್ ಆದರೆ, ಹುಟ್ಟಿನಿಂದ ಜಿ6ಪಿಡಿ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಅಂಟು ಹಾಳೆ ನಾನು ಬಳಸುವುದಿಲ್ಲ. ಯಾರೋ ಇಟ್ಟದ್ದಕ್ಕೆ ಹಲ್ಲಿ ಅಂಟಿದ್ದರೆ ಎಳೆಯಬೇಡಿ: ಅಡುಗೆ ಎಣ್ಣೆಯನ್ನು ಕಾಲಿನ ಸುತ್ತ ಹನಿಹನಿಯಾಗಿ ಬಿಟ್ಟು, ಐದು ಹತ್ತು ನಿಮಿಷ ಕಾದು, ಐಸ್‌ಕ್ರೀಂ ಕಡ್ಡಿಯಿಂದ ಒಂದೊಂದೇ ಪಾದ ಬಿಡಿಸಿ, ಹಾಳೆಯ ಸುತ್ತಲಿನ ಅಂಟಿಗೆ ಹಳೆಯ ಪೇಪರ್ ಹೊದಿಸಿ, ಅದರ ಮೇಲೆ ನಡೆದು ಹೋಗಲು ಬಿಡಿ.

ಒಣಗಿದ ಹಿಕ್ಕೆಯನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಲ್ಲಿ ಎತ್ತಿ, ಸೋಪು ನೀರಲ್ಲಿ ಒರೆಸಿ. ಕಡಪ ಕಲ್ಲು, ಅಮೃತಶಿಲೆಗೆ ವಿನೆಗರ್ ಹಾಕಿದರೆ ಹೊಳಪು ಹೋಗುತ್ತದೆ. ಅಡುಗೆಕಟ್ಟೆಯಂಥ ಕಡೆ ಸೋಪಿನ ನಂತರ, ಒಂದು ಲೀಟರ್ ನೀರಿಗೆ 20 ಮಿ.ಲೀ. ಬ್ಲೀಚ್ ಸೇರಿಸಿ ಒರೆಸಿ, ಹತ್ತು ನಿಮಿಷ ಬಿಟ್ಟು ತೊಳೆಯಬಹುದು; ಬ್ಲೀಚ್ ಜೊತೆ ವಿನೆಗರ್ ಅಥವಾ ಟಾಯ್ಲೆಟ್ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಹಲ್ಲಿಯಲ್ಲಿ ವಿಷವಿಲ್ಲ, ಭಾರತದ ಯಾವ ಹಲ್ಲಿಯಲ್ಲೂ ಇಲ್ಲ. ಆದರೆ ಅದರ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಹಲ್ಲಿ ಬಿದ್ದ ಸಾರು, ಹಾಲು ಚೆಲ್ಲುವುದು ಆ ಕಾರಣಕ್ಕೆ. ಗೊತ್ತಿಲ್ಲದೆ ಉಂಡವರು ಬಾಯಿಗೆ ಬೆರಳು ಹಾಕಿ ವಾಂತಿ ಮಾಡುವುದು ಬೇಡ. ಆರು ಗಂಟೆಯಿಂದ ಆರು ದಿನದೊಳಗೆ ಭೇದಿ, ಜ್ವರ ಬಂದರೆ ಓಆರ್‌ಎಸ್ ಕುಡಿದು ವೈದ್ಯರನ್ನು ಕಾಣಬೇಕು, ಮಕ್ಕಳಾದರೆ ತಡಮಾಡದೆ.

ಹಾವುರಾಣಿ ಬಾಗಿಲಡಿಯಿಂದ ಬರುತ್ತದೆ. ಹೊಳೆಯುವ ಮೈ ನೋಡಿ ಜನ ಹೆದರುತ್ತಾರೆ, ಅದಕ್ಕೂ ವಿಷವಿಲ್ಲ. ನುಣುಪು ಗೋಡೆ ಹತ್ತಲಾರದು. ಬಕೆಟ್ಟನ್ನು ಗೋಡೆಯ ಬುಡಕ್ಕೆ ಅಡ್ಡ ಮಲಗಿಸಿ, ಪೊರಕೆಯಿಂದ ಮೆಲ್ಲಗೆ ಅತ್ತ ನಡೆಸಿದರೆ ತಾನೇ ಒಳಗೆ ಹೋಗುತ್ತದೆ. ಓತಿಕ್ಯಾತ ಬಂದರೆ ಮೇಲೆ ಟವೆಲ್ ಹಾಕಿ ಸುತ್ತಿ ಹೊರಗೆ. ಉಡ ಬಂದರೆ ಕೈ ಹಾಕಬೇಡಿ: 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ಕಚ್ಚುವ ಬಲವೂ ಇದೆ. ಕೋಣೆಯ ಬಾಗಿಲು ಹಾಕಿ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಹಲ್ಲಿ ಹೆಚ್ಚಿರುವ ಮನೆಗೆ ಬರುವ ಇನ್ನೊಬ್ಬ ಅತಿಥಿ ತೋಳಹಾವು. ಹಲ್ಲಿಯೇ ಅದರ ಮುಖ್ಯ ಆಹಾರ, ಗೋಡೆ ಹತ್ತುತ್ತದೆ, ವಿಷವಿಲ್ಲ. ಆದರೆ ವಿಷದ ಕಟ್ಟುಹಾವಿನಂತೆಯೇ ಕಾಣುತ್ತದೆ. ತೋಳಹಾವಿನ ಬಿಳಿ ಪಟ್ಟೆ ಕುತ್ತಿಗೆಯ ಕಡೆ ಎದ್ದು ಕಂಡು ಬಾಲದ ಕಡೆ ಮಸುಕಾಗುತ್ತದೆ. ಕಟ್ಟುಹಾವಿನದು ಸಾಮಾನ್ಯವಾಗಿ ತಲೆಯ ಕಡೆ ಮಸುಕು, ಬಾಲದ ಕಡೆ ಸ್ಪಷ್ಟ. ಟಾರ್ಚ್ ಬೆಳಕಿನಲ್ಲಿ ಈ ವ್ಯತ್ಯಾಸ ನಂಬಿ ಕೈ ಚಾಚಬಾರದು. ಪಟ್ಟೆ ಹಾವು ಯಾವುದೇ ಕಂಡರೂ ದೂರ ನಿಂತು, ಅದರ ಮೇಲೆ ಕಣ್ಣಿಟ್ಟು, ಹಾವು ಹಿಡಿಯುವವರನ್ನು ಕರೆಸಿ.