ಕೈಲಿ ಜೆನ್ನರ್ ಆಸ್ತಿ ಎಷ್ಟು? ನಾನು ಲೆಕ್ಕ ಹಾಕಿದ ಬಗೆ

ಸೆಲೆಬ್ರಿಟಿಗಳ ದುಡ್ಡಿನ ಬಗ್ಗೆ ಬರೆಯುವುದು ನನ್ನ ಕೆಲಸದ ಒಂದು ಭಾಗ. ಓದುವವರಿಗೆ ಬೇಕಿರುವುದು ಒಂದೇ ಅಂಕಿ: ಒಟ್ಟು ಆಸ್ತಿ ಎಷ್ಟು? ಆ ಅಂಕಿ ಹುಡುಕಿದ ಕೂಡಲೇ ಸಿಕ್ಕಿಬಿಡುತ್ತದೆ, ತೊಂದರೆ ಇರುವುದೇ ಅಲ್ಲಿ. ಯಾವ ಪುಟ ತೆರೆದರೂ ಅದೇ ಮೊತ್ತ, ಅದೇ ವಾಕ್ಯ, ಕೆಲವೊಮ್ಮೆ ಅದೇ ಕಾಗುಣಿತದ ತಪ್ಪು. ಯಾರೋ ಒಬ್ಬರು ಬರೆದದ್ದನ್ನು ಉಳಿದವರೆಲ್ಲ ಎತ್ತಿ ಹಾಕಿಕೊಂಡಿರುತ್ತಾರೆ. ಅಮೆರಿಕದ ರಿಯಾಲಿಟಿ ಶೋದಿಂದ ಹೆಸರಾಗಿ ಮೇಕಪ್ ಕಂಪನಿ ಕಟ್ಟಿದ ಕೈಲಿ ಜೆನ್ನರ್ ಬಗ್ಗೆ ಬರೆಯಲು ಕೂತಾಗ ಆ ಪುಟಗಳನ್ನೆಲ್ಲ ಮುಚ್ಚಿ, ಈಕೆಯ ವ್ಯವಹಾರದಲ್ಲಿ ದುಡ್ಡು ನಿಜವಾಗಿ ಕೈ ಬದಲಾಯಿಸಿದ್ದು ಯಾವಾಗ, ಆಗ ಯಾವ ಕಾಗದಪತ್ರ ಹುಟ್ಟಿತು ಎಂದು ನೋಡುವುದರಿಂದ ಶುರು ಮಾಡಿದೆ.

ಟಿವಿಯ ಭಾಗಕ್ಕೆ ನಾನು ಹೆಚ್ಚು ಜಾಗ ಕೊಡಲಿಲ್ಲ. ಕಾರ್ಡಾಶಿಯನ್ ಕುಟುಂಬದ ರಿಯಾಲಿಟಿ ಶೋ 2007ರ ಅಕ್ಟೋಬರ್‌ನಲ್ಲಿ ಅಮೆರಿಕದ ಇ! ಚಾನೆಲ್‌ನಲ್ಲಿ ಶುರುವಾದಾಗ ಕೈಲಿಗೆ 10 ವರ್ಷ. 20 ಸೀಸನ್ ನಡೆದು 2021ರಲ್ಲಿ ಅದು ಮುಗಿಯಿತು, ಮರುವರ್ಷ ಹುಲು ಎಂಬ ಸ್ಟ್ರೀಮಿಂಗ್ ತಾಣದಲ್ಲಿ ಹೊಸ ಹೆಸರಿನಲ್ಲಿ ಮತ್ತೆ ಬಂತು. ಇಡೀ ಮನೆಯವರು ಹಂಚಿಕೊಳ್ಳುವ ಸಂಭಾವನೆ ಅದು. ನನ್ನ ದೃಷ್ಟಿಯಲ್ಲಿ ಟಿವಿ ಆಕೆಗೆ ಕೊಟ್ಟ ದೊಡ್ಡ ಸಂಪಾದನೆ ಸಂಬಳವೇ ಅಲ್ಲ. ಬೇರೆ ಕಂಪನಿಗಳು ಕಾಸು ಸುರಿದು ಕೊಳ್ಳುವ ಜಾಹೀರಾತು ಈಕೆಗೆ ಬಿಟ್ಟಿ ಸಿಕ್ಕಿತು, ಅದರ ಮೇಲೆ ಸಂಬಳವೂ ಬಂತು.

ಅದರ ಬೆಲೆ ಗೊತ್ತಾಗುವುದು ಆಕೆಯ ಮೇಕಪ್ ಕಂಪನಿಯ ಮೊದಲ ಸರಕಾದ ಲಿಪ್ ಕಿಟ್‌ನ ಲೆಕ್ಕ ನೋಡಿದಾಗ. 2015ರ ನವೆಂಬರ್ 30ರಂದು ಮಾರಾಟಕ್ಕೆ ಬಿಟ್ಟದ್ದು 15,000 ಕಿಟ್. ಒಂದು ಲಿಕ್ವಿಡ್ ಲಿಪ್‌ಸ್ಟಿಕ್, ಒಂದು ಲಿಪ್ ಲೈನರ್, ಬೆಲೆ 29 ಡಾಲರ್. ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಗುಣಿಸಿ ನೋಡಿದರೆ ಮೊದಲ ಸರಕಿನ ಒಟ್ಟು ಮಾರಾಟ 4.35 ಲಕ್ಷ ಡಾಲರ್. ಹಾಕಿದ ಬಂಡವಾಳ ಮಾಡೆಲಿಂಗ್‌ನಿಂದ ಬಂದ ಸುಮಾರು 2.5 ಲಕ್ಷ ಡಾಲರ್ ಎಂದು ಫೋರ್ಬ್ಸ್ ಬರೆದಿತ್ತು. 2018ರಲ್ಲಿ ಅದೇ ಪತ್ರಿಕೆ ಕೊಟ್ಟ ಇನ್ನೊಂದು ವಿವರ ನನಗೆ ಇನ್ನೂ ರುಚಿಸಿತು: ಇಡೀ ಕಂಪನಿಯಲ್ಲಿ ಪೂರ್ಣಾವಧಿ ನೌಕರರು 7 ಜನ, ಅರೆಕಾಲಿಕರು 5 ಜನ. ಮಾಲು ತಯಾರಿಸಿ ಕಳಿಸುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಸೀಡ್ ಬ್ಯೂಟಿ, ಆನ್‌ಲೈನ್ ಅಂಗಡಿ ಶಾಪಿಫೈನದು, ಹಣಕಾಸು ಮತ್ತು ಪ್ರಚಾರ ನೋಡಿಕೊಂಡದ್ದು ಅಮ್ಮ ಕ್ರಿಸ್ ಜೆನ್ನರ್. ಮಗಳ ಪಾಲಿಗೆ ಉಳಿದದ್ದು ಫೋನ್ ಹಿಡಿದು ತುಟಿ ತೋರಿಸುವ ಕೆಲಸ. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಉಳಿದೆಲ್ಲವನ್ನೂ ಹೊರಗಿನವರಿಂದ ಮಾಡಿಸಿಕೊಳ್ಳಬಹುದು, ಗಿರಾಕಿಯನ್ನು ಕರೆತರುವ ಆ ಕೆಲಸವನ್ನು ಮಾತ್ರ ಆಕೆಯೇ ಮಾಡಬೇಕಿತ್ತು.

ಮುಂದಿನದು ಬಹಳ ಜನರಿಗೆ ಗೊತ್ತಿರುವ ಕಥೆ. ಫೋರ್ಬ್ಸ್ 2018ರಲ್ಲಿ ಆಸ್ತಿಯನ್ನು 90 ಕೋಟಿ ಡಾಲರ್ ಎಂದು ಅಂದಾಜಿಸಿತು. 2019ರ ಮಾರ್ಚ್‌ನಲ್ಲಿ 100 ಕೋಟಿ ದಾಟಿಸಿ, 21ನೇ ವಯಸ್ಸಿಗೇ ಬಿಲಿಯನೇರ್ ಎಂದಿತು. 2018ರ ಮಾರಾಟ 36 ಕೋಟಿ ಡಾಲರ್ ಎಂಬ ಲೆಕ್ಕ ಅದರ ಬುಡದಲ್ಲಿತ್ತು. ಖಾಸಗಿ ಕಂಪನಿ, ಲೆಕ್ಕಪತ್ರ ಬಹಿರಂಗ ಮಾಡುವ ಕಟ್ಟುಪಾಡಿಲ್ಲ. ಅಂಕಿ ಬಂದದ್ದು ಮನೆಯ ಕಡೆಯಿಂದಲೇ.

ನನ್ನ ಕೆಲಸ ನಿಜವಾಗಿ ಶುರುವಾದದ್ದು 2019ರ ನವೆಂಬರ್ 18ರ ಕಾಗದದಿಂದ. ಅಂದು ಕೋಟಿ ಎಂಬ ಸೌಂದರ್ಯವರ್ಧಕ ಕಂಪನಿ (ಹೆಸರೇ ಕೋಟಿ, ನಮ್ಮ ಕೋಟಿಗೂ ಅದಕ್ಕೂ ಸಂಬಂಧವಿಲ್ಲ) ಕೈಲಿ ಕಾಸ್ಮೆಟಿಕ್ಸ್‌ನ 51% ಪಾಲನ್ನು 60 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ಕೊಂಡವರು ನ್ಯೂಯಾರ್ಕ್ ಷೇರುಪೇಟೆಯಲ್ಲಿರುವ ಕಂಪನಿ. ಅಂದಮೇಲೆ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ವರದಿ ಸಲ್ಲಿಸಲೇಬೇಕು. ಎಡ್ಗರ್ ಎಂಬ ಜಾಲತಾಣದಲ್ಲಿ ಅವು ಯಾರಿಗಾದರೂ ಪುಕ್ಕಟೆ ಸಿಗುತ್ತವೆ. ಮಾರುವವರು ಪತ್ರಕರ್ತರಿಗೆ ಏನು ಬೇಕಾದರೂ ಹೇಳಬಹುದು. ಕೊಂಡವರು ಷೇರುದಾರರಿಗೆ ಸುಳ್ಳು ಹೇಳಿದರೆ ಕೋರ್ಟು ಕಚೇರಿ ತಪ್ಪಿದ್ದಲ್ಲ. ಹಾಗಾಗಿ ನಾನು ನಂಬುವುದು ಕೊಂಡವರ ಪುಸ್ತಕವನ್ನು.

ಯಾರಾದರೂ ಮಾಡಿ ನೋಡುವುದಾದರೆ ಒಂದು ಸೂಕ್ಷ್ಮ ಹೇಳುತ್ತೇನೆ. ಕೋಟಿಯ ವಾರ್ಷಿಕ ವರದಿಯಲ್ಲಿ, ಅಂದರೆ 10-ಕೆ ಎಂಬ ದಾಖಲೆಯಲ್ಲಿ, ಈ ವ್ಯವಹಾರದ ಟಿಪ್ಪಣಿ ಬೇಕಿದ್ದರೆ ಬ್ರ್ಯಾಂಡ್ ಹೆಸರು ಹಾಕಿ ಹುಡುಕಿ ಪ್ರಯೋಜನವಿಲ್ಲ. ಕಾನೂನಿನ ಲೆಕ್ಕದಲ್ಲಿ ಕೊಂಡದ್ದು ‘ಕಿಂಗ್ ಕೈಲಿ’ ಎಂಬ ಎಲ್‌ಎಲ್‌ಸಿಯನ್ನು, ಅಂದರೆ ಸೀಮಿತ ಹೊಣೆಯ ಖಾಸಗಿ ಕಂಪನಿಯನ್ನು. ಆ ಹೆಸರು ಹಾಕಿದರೆ 2020ರ ಜನವರಿಯಲ್ಲಿ ವ್ಯವಹಾರ ಮುಗಿದದ್ದು, ಕೊಟ್ಟ ನಗದು, ಬ್ರ್ಯಾಂಡಿನ ಹೆಸರಿಗೆ ಎಷ್ಟು ಬೆಲೆ ಕಟ್ಟಿದರು, ಗುಡ್‌ವಿಲ್‌ಗೆ (ಗುರುತಿಸಬಹುದಾದ ಆಸ್ತಿಗಳ ಬೆಲೆಗಿಂತ ಹೆಚ್ಚಾಗಿ ಕೊಟ್ಟ ಮೊತ್ತಕ್ಕೆ) ಎಷ್ಟು, ಎಲ್ಲವೂ ಸಾಲಾಗಿ ಬರುತ್ತದೆ. ಮಾರಿದವರ ಕಡೆ ಮಗಳ ಕಂಪನಿಯ ಜೊತೆಗೆ ಒಂದು ಟ್ರಸ್ಟಿನ ಹೆಸರೂ ಇದೆ. ಹಾಗಾಗಿ 60 ಕೋಟಿಯಷ್ಟೂ ಕೈಲಿಯ ಖಾತೆಗೇ ಹೋಯಿತು ಎಂದು ನಾನು ಬರೆಯಲಿಲ್ಲ.

ವ್ಯವಹಾರದ ಸಮಯದಲ್ಲಿ ಕೋಟಿ ಹೂಡಿಕೆದಾರರಿಗೆ ತೋರಿಸಿದ ಲೆಕ್ಕದಲ್ಲಿ ಇನ್ನೊಂದು ಸಾಲಿತ್ತು: ಹಿಂದಿನ 12 ತಿಂಗಳ ಆದಾಯ 17.7 ಕೋಟಿ ಡಾಲರ್, 2018ಕ್ಕೆ ಹೋಲಿಸಿದರೆ 40% ಏರಿಕೆ. ಕ್ಯಾಲ್ಕುಲೇಟರ್ ತೆಗೆದು 17.7ನ್ನು 1.4ರಿಂದ ಭಾಗಿಸಿದೆ. ಸುಮಾರು 12.6 ಕೋಟಿ ಬಂತು. ಎಲ್ಲಿಯ 36, ಎಲ್ಲಿಯ 12.6! ತ್ವಚೆಯ ಉತ್ಪನ್ನಗಳದ್ದೂ ಇದೇ ಹಾಡು. ಒಂದೂವರೆ ತಿಂಗಳಲ್ಲೇ 10 ಕೋಟಿ ಡಾಲರ್ ಮಾರಾಟ ಎಂದು ಹೇಳಿಕೊಂಡಿದ್ದರು. ಕೊಂಡವರ ಲೆಕ್ಕದಲ್ಲಿ ಅದು ವರ್ಷ ಪೂರ್ತಿಗೆ 2.5 ಕೋಟಿಯ ದಾರಿಯಲ್ಲಿತ್ತು. ಇದೇ ಕಾಗದಗಳನ್ನು ಮುಂದಿಟ್ಟುಕೊಂಡು ಫೋರ್ಬ್ಸ್ 2020ರ ಮೇ ತಿಂಗಳಲ್ಲಿ ತಾನೇ ಕೊಟ್ಟ ಕಿರೀಟವನ್ನು ವಾಪಸ್ ಪಡೆಯಿತು, ಆಸ್ತಿ 90 ಕೋಟಿಗಿಂತ ಸ್ವಲ್ಪ ಕಡಿಮೆ ಎಂದಿತು. ಆ ಬಿರುದನ್ನು ನಾನು ಕೇಳಿಯೂ ಇರಲಿಲ್ಲ, ಸುಳ್ಳು ಹೇಳಿಯೂ ಇಲ್ಲ ಎಂದು ಕೈಲಿ ಟ್ವಿಟರ್‌ನಲ್ಲಿ ಉತ್ತರಿಸಿದಳು. ಆ ಜಗಳದಲ್ಲಿ ನಾನು ಯಾರ ಪಕ್ಷವನ್ನೂ ಹಿಡಿಯಲಿಲ್ಲ. 17.7 ಕೋಟಿ ಆದಾಯದ ಕಂಪನಿಗೆ 117 ಕೋಟಿ ಬೆಲೆ ಕಟ್ಟಿಸಿಕೊಂಡದ್ದು ಸಣ್ಣ ಸಾಧನೆಯಲ್ಲ ಎಂದು ಮಾತ್ರ ಬರೆದೆ.

ಇನ್ನು ಕೈಗೆ ಸಿಕ್ಕಿದ್ದೆಷ್ಟು? ಸುಲಭದಲ್ಲಿ ಕಾಣುವ ಆಸ್ತಿ ಲೇಖನಗಳು ಎಡವುವುದು ಇಲ್ಲೇ, ಏಕೆಂದರೆ ತೆರಿಗೆಯ ಸುದ್ದಿಯನ್ನೇ ಎತ್ತುವುದಿಲ್ಲ. ಕ್ಯಾಲಿಫೋರ್ನಿಯಾದವರು ಕಂಪನಿ ಮಾರಿದರೆ ಕೇಂದ್ರದ ದೀರ್ಘಾವಧಿ ಬಂಡವಾಳ ಲಾಭ ತೆರಿಗೆ ಗರಿಷ್ಠ 20%, ಅದರ ಮೇಲೆ ರಾಜ್ಯದ್ದು ಗರಿಷ್ಠ 13.3%. ಆ ರಾಜ್ಯದಲ್ಲಿ ಬಂಡವಾಳ ಲಾಭಕ್ಕೆ ರಿಯಾಯಿತಿ ದರವಿಲ್ಲ, ಸಂಬಳದ ಹಾಗೆಯೇ ತೆರಿಗೆ. ಹಾಕಿದ ಬಂಡವಾಳ ಲೆಕ್ಕಕ್ಕಿಲ್ಲದಷ್ಟು ಚಿಕ್ಕದು, ಹಾಗಾಗಿ ಹೆಚ್ಚುಕಡಿಮೆ ಪೂರ್ತಿ ಮೊತ್ತವೂ ಲಾಭವೇ. 60ರಲ್ಲಿ 20 ಕೋಟಿ ತೆರಿಗೆಗೆ ಹೋದರೆ ಉಳಿಯುವುದು 40. ವಕೀಲರು, ಮಧ್ಯವರ್ತಿಗಳು, ಮ್ಯಾನೇಜರ್ ಆಗಿ 10% ಪಡೆಯುವ ಅಮ್ಮ, ಇವರದ್ದನ್ನೆಲ್ಲ ಕಳೆದರೆ ಇನ್ನೂ ಇಳಿಯುತ್ತದೆ. ಫೋರ್ಬ್ಸ್ ಇದನ್ನು ಸುಮಾರು 34 ಕೋಟಿ ಎಂದು ಅಂದಾಜಿಸಿತ್ತು, ನನ್ನ ಒರಟು ಲೆಕ್ಕವೂ ಅದರ ಆಸುಪಾಸಿಗೇ ಬಂತು.

ಉಳಿದ 49% ಪಾಲು ಮಾತ್ರ ಏರುತ್ತಾ ಇಳಿಯುತ್ತಾ ಇರುವಂಥದ್ದು. ಮಾರಿದ ದಿನದ ಬೆಲೆಯಲ್ಲಿ ಅದು ಸುಮಾರು 57 ಕೋಟಿ. ಆದರೆ ಅದೇ ಬೆಲೆಗೆ ಇಂದು ಕೊಳ್ಳುವವರು ಇದ್ದಾರೆಯೇ? ಕೋವಿಡ್ ಬಂದು ಮೇಕಪ್ ವ್ಯಾಪಾರ ಕುಸಿದಾಗ ಸೌಂದರ್ಯ ಕಂಪನಿಗಳ ಷೇರು ಬೆಲೆಯೆಲ್ಲ ಇಳಿಯಿತು. ಖಾಸಗಿ ಪಾಲಿನ ಬೆಲೆಯನ್ನು ಷೇರುಪೇಟೆಯಲ್ಲಿರುವ ಇಂಥದೇ ಕಂಪನಿಗಳ ಜೊತೆ ತೂಗಿ ನೋಡಬೇಕು. 2025ರಲ್ಲಿ ಫೋರ್ಬ್ಸ್ ಆಕೆಯ ಒಟ್ಟು ಆಸ್ತಿಯನ್ನು 67 ಕೋಟಿ ಎಂದದ್ದರ ಹಿಂದೆ ಈ ತೂಕವೇ ಇರುವುದು.

ಮನೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರಲ್ಲಿ ಲಾಸ್ ಏಂಜಲೀಸ್‌ನ ಹೋಮ್‌ಬಿ ಹಿಲ್ಸ್‌ನಲ್ಲಿ 3.65 ಕೋಟಿ ಡಾಲರ್‌ಗೆ ಮನೆ ಕೊಂಡದ್ದು ಸುದ್ದಿಯಾಗಿತ್ತು. ಬರೆಯುವವರು ಮನೆಯ ಬೆಲೆಯನ್ನು ಕಂಪನಿ ಮಾರಿದ ದುಡ್ಡಿಗೆ ಸೇರಿಸಿಬಿಡುತ್ತಾರೆ. ಆ ದುಡ್ಡಿನಿಂದಲೇ ಮನೆ ಕೊಂಡಿದ್ದರೆ ಅದು ಎರಡು ಸಲ ಎಣಿಸಿದ ಹಾಗೆ.

ಇನ್‌ಸ್ಟಾಗ್ರಾಂ ಗಳಿಕೆಗೂ ಕಾಗದವೇ ಬೇಕೆಂದು ಹಟ ಹಿಡಿದೆ. ‘ಒಂದು ಪೋಸ್ಟಿಗೆ ಇಷ್ಟು’ ಎಂಬ ಪಟ್ಟಿಗಳು ಬೇಕಾದಷ್ಟಿವೆ, ಅವೆಲ್ಲ ಫಾಲೋವರ್ ಸಂಖ್ಯೆಯಿಂದ ಕಟ್ಟಿದ ಊಹೆ. ಗಟ್ಟಿ ದಾಖಲೆ ಸಿಕ್ಕಿದ್ದು ಅಕ್ಕ ಕಿಮ್ ಕಾರ್ಡಾಶಿಯನ್ ಬಗ್ಗೆ. 2021ರಲ್ಲಿ ಎಥಿರಿಯಂಮ್ಯಾಕ್ಸ್ ಎಂಬ ಕ್ರಿಪ್ಟೋ ಟೋಕನ್ ಕುರಿತ ಒಂದು ಪೋಸ್ಟಿಗೆ 2.5 ಲಕ್ಷ ಡಾಲರ್ ಪಡೆದು ಅದನ್ನು ತಿಳಿಸದೆ ಇದ್ದುದಕ್ಕೆ 2022ರ ಅಕ್ಟೋಬರ್‌ನಲ್ಲಿ ಎಸ್‌ಇಸಿ ಕ್ರಮ ಕೈಗೊಂಡಿತು. ಆರೋಪ ಒಪ್ಪದೆ, ಅಲ್ಲಗಳೆಯದೆ, ಕಿಮ್ ಒಟ್ಟು 12.6 ಲಕ್ಷ ಡಾಲರ್ ಕಟ್ಟಿ ಮುಗಿಸಿದಳು: 10 ಲಕ್ಷ ದಂಡ, ಉಳಿದದ್ದು ಪಡೆದ ಹಣ ಮತ್ತು ಬಡ್ಡಿ. ಒಂದು ಪೋಸ್ಟಿನ ದರ ಸರ್ಕಾರಿ ಆದೇಶದಲ್ಲೇ ಅಚ್ಚಾಗಿರುವುದು ಅಪರೂಪ.

ಕಿಮ್‌ಳ ಒಳಉಡುಪಿನ ಕಂಪನಿ ಸ್ಕಿಮ್ಸ್‌ಗೆ ಇದೇ ಪದ್ಧತಿ ಹಚ್ಚಲು ಹೋದರೆ ದಾರಿ ಬೇರೆ. 2022ರ ಜನವರಿಯಲ್ಲಿ 320 ಕೋಟಿ, 2023ರ ಜುಲೈನಲ್ಲಿ 400 ಕೋಟಿ ಡಾಲರ್ ಎಂಬ ಮೌಲ್ಯ ಬಂದದ್ದು ಹೂಡಿಕೆದಾರರಿಂದ ಬಂಡವಾಳ ಎತ್ತಿದ ಸುತ್ತುಗಳಿಂದ. ಎರಡನೆಯ ಸಲ ಬಂದ ಹಣ 27 ಕೋಟಿ. ಅಂದರೆ ಕಂಪನಿಯ ಸುಮಾರು 7% ಪಾಲಿಗೆ ಕೊಟ್ಟ ಬೆಲೆಯನ್ನು ಉಳಿದ 93%ಕ್ಕೂ ಅಂಟಿಸಲಾಗಿದೆ. ಅದರಲ್ಲಿ ಕಿಮ್‌ಳ ಜೇಬಿಗೆ ಬಂದ ನಗದು ಎಂದು ಬರೆಯುವಂಥದ್ದು ಏನೂ ಇಲ್ಲ.

ಚಾನೆಲ್‌ನವರಿಗೆ ಈ ದುಡ್ಡಿನಲ್ಲಿ ಪಾಲಿಲ್ಲವೇ ಎಂದು ಸಂಪಾದಕರು ಕೇಳಿದರು. ಒಳ್ಳೆಯ ಪ್ರಶ್ನೆ. ಬ್ರಾವೋ ಚಾನೆಲ್‌ನ ರಿಯಾಲಿಟಿ ಶೋದಿಂದ ಹೆಸರಾದ ಬೆಥೆನಿ ಫ್ರಾಂಕೆಲ್ ತನ್ನ ಸ್ಕಿನ್ನಿಗರ್ಲ್ ಮದ್ಯದ ಬ್ರ್ಯಾಂಡನ್ನು 2011ರಲ್ಲಿ ಬೀಮ್ ಕಂಪನಿಗೆ ಮಾರಿದಾಗ ಚಾನೆಲ್‌ಗೆ ದಕ್ಕಿದ್ದು ಸೊನ್ನೆ. ಆಮೇಲಿನ ಒಪ್ಪಂದಗಳಲ್ಲಿ ‘ಬೆಥೆನಿ ಕಲಂ’ ಎಂಬ ಷರತ್ತೇ ಹುಟ್ಟಿಕೊಂಡಿತು: ಶೋ ಬಲದಿಂದ ಬೆಳೆದ ವ್ಯಾಪಾರ ಮಾರಿದರೆ ಚಾನೆಲ್‌ಗೂ ಇಷ್ಟು. ಹೊಸಬರ ಆಸ್ತಿ ಲೆಕ್ಕ ಹಾಕುವಾಗ ನಾನು ಇದನ್ನೂ ಕೇಳಿ ತಿಳಿದುಕೊಳ್ಳುತ್ತೇನೆ.

ಶೀರ್ಷಿಕೆಗೆ ಒಂದೇ ಅಂಕಿ ಬೇಕೆಂದು ಸಂಪಾದಕರು ಪಟ್ಟು ಹಿಡಿದರು, ‘ಅಂದಾಜು’ ಎಂದು ಬರೆದರೆ ಯಾರೂ ಒತ್ತುವುದಿಲ್ಲವಂತೆ. ಕೊನೆಗೆ ‘51% ಪಾಲಿಗೆ 60 ಕೋಟಿ ಡಾಲರ್’ ಎಂದು ಹಾಕಿಸಿದೆ. ಒಟ್ಟು ಆಸ್ತಿಯನ್ನು ಒಳಗಿನ ಪ್ಯಾರಾದಲ್ಲಿ ಇಂತಿಷ್ಟರಿಂದ ಇಂತಿಷ್ಟು ಎಂದು, ಯಾರ ಅಂದಾಜು, ಯಾವ ವರ್ಷದ್ದು ಎಂಬುದರ ಸಮೇತ ಕೊಟ್ಟೆ.