‘ತರ್ಕಬದ್ಧ’ ಎಂಬ ಪದಕ್ಕೆ ಬದಲಿ ಹುಡುಕುವಾಗ

ಲೇಖನಗಳ ಕರಡು ತಿದ್ದುವುದು ನನ್ನ ಕೆಲಸ. ಚೆನ್ನಾಗಿ ಯೋಚಿಸಿದ ಯಾವುದನ್ನು ಹೊಗಳುವಾಗಲೂ ಲೇಖಕರ ಕೈಗೆ ಮೊದಲು ಸಿಗುವ ಪದ ‘ತರ್ಕಬದ್ಧ’. ತರ್ಕಬದ್ಧ ವಾದ, ತರ್ಕಬದ್ಧ ನಿರ್ಧಾರ, ತರ್ಕಬದ್ಧ ವ್ಯಕ್ತಿ, ಕೊನೆಗೆ ತರ್ಕಬದ್ಧ ಬೆಲೆ. ಒಂದೇ ಪುಟದಲ್ಲಿ ಅದು ಮತ್ತೆ ಮತ್ತೆ ಬಂದಾಗ, ‘ಇನ್ನೊಂದು ಪದ ಹಾಕಿಬಿಡಿ’ ಎನ್ನುತ್ತಾರೆ. ನಿಘಂಟು ತೆರೆದರೆ ಯುಕ್ತ, ಸಮಂಜಸ, ಸುಸಂಗತ, ಸುಸಂಬದ್ಧ, ವಿವೇಚನಾಯುಕ್ತ ಎಲ್ಲವೂ ಅಕ್ಕಪಕ್ಕದಲ್ಲೇ ಇರುತ್ತವೆ. ಅವುಗಳಲ್ಲಿ ಒಂದನ್ನು ಎತ್ತಿಡುವ ಮೊದಲು, ಲೇಖಕರು ಮೆಚ್ಚಿದ್ದು ಯೋಚನೆಯ ಯಾವ ಗುಣವನ್ನು ಎಂದು ನೋಡುತ್ತೇನೆ.

ಹೆಚ್ಚು ಹೊತ್ತು ಹಿಡಿಯುವುದು ಸುಸಂಬದ್ಧ ಮತ್ತು ತರ್ಕಬದ್ಧ ಎಂಬ ಜೋಡಿ. ಒಂದು ಉದಾಹರಣೆ ನೋಡಿ: ‘ಊರಿಗೆ ಗ್ರಂಥಾಲಯ ಬಂದಿತು. ಮರುವರ್ಷ ಶಾಲೆಯ ಫಲಿತಾಂಶ ಏರಿತು. ಆದ್ದರಿಂದ ಫಲಿತಾಂಶ ಏರಿದ್ದು ಗ್ರಂಥಾಲಯದಿಂದಲೇ.’ ವಾಕ್ಯದಿಂದ ವಾಕ್ಯಕ್ಕೆ ಎಲ್ಲೂ ತಡವರಿಕೆಯಿಲ್ಲ, ಮಾತು ಸುಸಂಬದ್ಧ. ತರ್ಕಬದ್ಧವೆನ್ನಲು ಮಾತ್ರ ಬರುವುದಿಲ್ಲ, ಏಕೆಂದರೆ ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲಿನದು ಕಾರಣವಾಗಲಾರದು. ಹೊಸ ಶಿಕ್ಷಕರು ಬಂದಿರಬಹುದು, ಪ್ರಶ್ನೆಪತ್ರಿಕೆಯೇ ಸುಲಭವಾಗಿದ್ದಿರಬಹುದು. ಇದಕ್ಕೆ ತದ್ವಿರುದ್ಧವಾದ ಬರಹಗಳೂ ಬರುತ್ತವೆ: ಕಾರಣಗಳೆಲ್ಲ ಗಟ್ಟಿಯಾಗಿವೆ, ಜೋಡಣೆ ಚೆಲ್ಲಾಪಿಲ್ಲಿ. ಈ ಎರಡು ಗುಣಗಳಿಗೆ ಒಂದೇ ಪದ ಬಳಸಿದರೆ ಓದುಗನಿಗೆ ಅನ್ಯಾಯವಾಗುತ್ತದೆ ಎಂದೇ ನನ್ನ ನಂಬಿಕೆ.

ಇಲ್ಲಿ ನನಗೆ ನೆರವಿಗೆ ಬರುವುದು ನ್ಯಾಯಶಾಸ್ತ್ರ, ಅಂದರೆ ಭಾರತದ ಹಳೆಯ ತರ್ಕಶಾಸ್ತ್ರ, ಹೇಳುವ ವಾದದ ಐದು ಅವಯವಗಳು: ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನು ಈ ಸಂದರ್ಭಕ್ಕೆ ಹೊಂದಿಸುವುದು), ನಿಗಮನ (ತೀರ್ಮಾನ). ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಎಲ್ಲೆಲ್ಲಿ ಹೊಗೆಯೋ ಅಲ್ಲೆಲ್ಲ ಬೆಂಕಿ, ಅಡುಗೆಮನೆಯಲ್ಲಿ ಇರುವಂತೆ, ಈ ಬೆಟ್ಟದಲ್ಲೂ ಅಂಥ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ಕರಡಿನ ಪಕ್ಕದಲ್ಲಿ ಪೆನ್ಸಿಲಿನಿಂದ ‘ಹೇತು ಎಲ್ಲಿ?’ ಎಂದು ಬರೆಯುತ್ತೇನೆ. ಹೇತು ಸಿಕ್ಕಿದರೆ, ಅದಕ್ಕೂ ಸಾಧಿಸಬೇಕಾದ ಸಂಗತಿಗೂ ಹೊಗೆ ಬೆಂಕಿಗಳ ನಡುವಿನಂಥ ಬಿಡದ ನಂಟು, ಅಂದರೆ ವ್ಯಾಪ್ತಿ, ಇದೆಯೇ ಎಂದು ನೋಡುತ್ತೇನೆ. ಎರಡೂ ಇದ್ದರೆ ‘ತರ್ಕಬದ್ಧ’ ಉಳಿಯುತ್ತದೆ. ಗ್ರಂಥಾಲಯದ ವಾದದಲ್ಲಿ ಇರುವುದು ಹೇತ್ವಾಭಾಸ, ಕಾರಣದಂತೆ ಕಾಣುವ ಕಾರಣವಲ್ಲದ್ದು. ಎಷ್ಟು ಉಪಯೋಗದ ಪದವಿದು! ಶಾಸ್ತ್ರದ ಪುಟಗಳಿಂದಾಚೆ ಅದು ಬರುವುದೇ ಅಪರೂಪ.

ಉಳಿದ ಪದಗಳನ್ನು ಅವುಗಳ ವಿರುದ್ಧಪದ ಹಿಡಿದು ಪರೀಕ್ಷಿಸುತ್ತೇನೆ. ಅಸಮಂಜಸವೆಂದರೆ ಸಂದರ್ಭಕ್ಕೆ ಒಪ್ಪದ್ದು. ಅಸಂಬದ್ಧವೆಂದರೆ ತಲೆಬುಡವಿಲ್ಲದ್ದು. ಅವಿವೇಕವೆಂದಾಗ ಮಾತು ಆ ಮನುಷ್ಯನ ಗುಣಕ್ಕೇ ತಗಲುತ್ತದೆ. ‘ತರ್ಕಬದ್ಧ ನಿರ್ಧಾರ’ ಎಂದು ಬರೆದವರನ್ನು, ಆ ನಿರ್ಧಾರ ಕೆಟ್ಟದ್ದಾಗಿದ್ದರೆ ಏನೆಂದು ಬೈಯುತ್ತಿದ್ದಿರಿ ಎಂದು ಕೇಳುತ್ತೇನೆ. ಬಹುಪಾಲು ‘ಅವಿವೇಕ’ ಎಂಬ ಉತ್ತರವೇ ಬರುತ್ತದೆ. ಹಾಗಾದರೆ ಅಲ್ಲಿ ಬೇಕಿರುವುದು ‘ವಿವೇಕದ ನಿರ್ಧಾರ’. ಬೆಲೆಗೆ ‘ಸಮಂಜಸ’ ಸಾಕು, ‘ತಕ್ಕ ಬೆಲೆ’ ಇನ್ನೂ ಒಳ್ಳೆಯದು.

ವ್ಯಕ್ತಿಯ ಬಗ್ಗೆ ಹೇಳುವಾಗ ಎಚ್ಚರ ಹೆಚ್ಚು ಬೇಕು. ಕುಶಾಗ್ರಮತಿಯ ಬುದ್ಧಿ ದರ್ಭೆಯ ತುದಿಯಷ್ಟು ಚೂಪು. ಆ ಚೂಪನ್ನು ಎಲ್ಲಿ ಬಳಸಬೇಕೆಂದು ಬಲ್ಲವನು ವಿವೇಕಿ. ಇಬ್ಬರೂ ಒಬ್ಬನಲ್ಲೇ ಇರಬೇಕೆಂದಿಲ್ಲ. ಕೇಳಿದ್ದನ್ನು ಪರೀಕ್ಷಿಸದೆ ಒಪ್ಪದವನು ವಿಚಾರವಂತ. ‘ತಾರ್ಕಿಕ’ ಎಂಬುದನ್ನು ವ್ಯಕ್ತಿಗೆ ಹಚ್ಚಿದರೆ ತರ್ಕಶಾಸ್ತ್ರ ಓದಿದವನೆಂಬ ಅರ್ಥವೇ ಮುಂದೆ ಬರುತ್ತದೆ. ಪ್ರಕರಣವನ್ನು ‘ತಾರ್ಕಿಕ ಅಂತ್ಯಕ್ಕೆ ಕೊಂಡೊಯ್ಯುವ’ ಸುದ್ದಿಭಾಷೆ ನನ್ನ ಕೈಗೆ ಬಂದರೆ ‘ಕೊನೆ ಮುಟ್ಟಿಸುವ’ ಎಂದು ತಿದ್ದುತ್ತೇನೆ. ‘ಯುಕ್ತಿಯುಕ್ತ’ ನನಗೆ ಇಷ್ಟದ ಪದ, ಆದರೂ ಹಾಕಲು ಹಿಂಜರಿಯುತ್ತೇನೆ. ಯುಕ್ತಿ ಎಂದರೆ ಇಂದಿನ ಓದುಗರಿಗೆ ಉಪಾಯವೇ ನೆನಪಾಗುತ್ತದೆ.

‘ಸ್ಪಷ್ಟ’ದ ಬಳಗ ಇಷ್ಟು ತೊಡಕಿನದಲ್ಲ. ಬಿಡಿಸಿಟ್ಟದ್ದು ವಿಶದ, ಅಳತೆಗೆ ಸರಿಹೊಂದುವುದು ನಿಖರ, ಅನುಮಾನವಿಲ್ಲದ್ದು ಖಚಿತ. ಖಚಿತವಾಗಿ ಹೇಳಿದ್ದು ತಪ್ಪೂ ಆಗಿರಬಹುದು ಎಂಬುದನ್ನು ಮಾತ್ರ ಮರೆಯಬಾರದು.

ಅನುಮಾನ ಬಂದಾಗ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ತೆರೆಯುತ್ತೇನೆ. ಅದರಲ್ಲಿ ಅರ್ಥದ ಜೊತೆಗೆ ಶಾಸನ, ಕಾವ್ಯಗಳ ಪ್ರಯೋಗಗಳೂ ಇರುವುದರಿಂದ ಪದ ಯಾರ ಪಕ್ಕದಲ್ಲಿ ಬಾಳಿದೆ ಎಂದು ತಿಳಿಯುತ್ತದೆ. 1894ರ ಕಿಟೆಲ್ ನಿಘಂಟು ಹಳೆಯ ಅರ್ಥಛಾಯೆಗಳಿಗೆ ಈಗಲೂ ಒದಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಎಷ್ಟೋ ಕಡೆ ನಾನು ವಿಶೇಷಣವನ್ನೇ ತೆಗೆದುಹಾಕುತ್ತೇನೆ. ಸರಿಯಾಗಿ ಯೋಚಿಸುವುದನ್ನು ಹೇಳಲು ಕನ್ನಡದ ಕ್ರಿಯಾಪದಗಳಲ್ಲಿರುವ ಕಸುವು ಈ ‘ಬದ್ಧ’, ‘ಯುಕ್ತ’ಗಳಲ್ಲಿಲ್ಲ. ಅಳೆದು ತೂಗಿ ನಿರ್ಧರಿಸಿದರು, ಹಿಂದುಮುಂದು ನೋಡಿ ಒಪ್ಪಿದರು, ಎಳೆ ಎಳೆಯಾಗಿ ಬಿಡಿಸಿದರು, ಎರಡೂ ಹೇಳಿಕೆಗಳು ತಾಳೆಯಾಗುತ್ತವೆ. ‘ಅವರು ತಮ್ಮ ವಾದವನ್ನು ತರ್ಕಬದ್ಧವಾಗಿಯೂ ಸ್ಪಷ್ಟವಾಗಿಯೂ ಮಂಡಿಸಿದರು’ ಎಂಬ ವಾಕ್ಯ ಬಂದರೆ ‘ಒಂದೊಂದು ಮಾತಿಗೂ ಕಾರಣ ಕೊಟ್ಟು, ಬಿಡಿಸಿ ಹೇಳಿದರು’ ಎಂದು ತಿದ್ದುತ್ತೇನೆ. ಹಾಗೆ ತಿದ್ದಿದಾಗ ಲೇಖಕರ ಮುಂದೆ ಇನ್ನೊಂದು ಕೆಲಸ ಬಂದು ನಿಲ್ಲುತ್ತದೆ: ಆ ಕಾರಣಗಳು ಯಾವುವು ಎಂದು ಮುಂದಿನ ಸಾಲಿನಲ್ಲಿ ಬರೆಯಲೇಬೇಕಾಗುತ್ತದೆ.